ವಾಹನ ಸಮಾಧಾನ: ವರದಿಯ ಹಾಳೆಯನ್ನು ಮಡಚಿಡಬೇಡಿ

ಪ್ರಶ್ನೆ: ನಮ್ಮ ತಂದೆ ಕೊಂಡ ಪೆಟ್ರೋಲ್ ಕಾರಿಗೆ ಈಗ ಹದಿನೆಂಟು ವರ್ಷ. ಅವರು ತೀರಿಕೊಂಡ ಮೇಲೆ ನಾನೇ ಓಡಿಸುತ್ತಿದ್ದೇನೆ. ಕಳೆದ ವಾರ ಫಿಟ್‌ನೆಸ್ ತಪಾಸಣೆಯಲ್ಲಿ ಅದು ಫೇಲಾಯಿತು. ವರದಿಯಲ್ಲಿರುವುದು ಇಷ್ಟು: ಹಿಂದಿನ ಬ್ರೇಕ್‌ಗಳ ಬಲ ಎಡಕ್ಕೆ 0.7, ಬಲಕ್ಕೆ 1.3 ಕಿಲೋನ್ಯೂಟನ್, ಹ್ಯಾಂಡ್ ಬ್ರೇಕ್ ಕೂಡ ಎಡಗಡೆ ದುರ್ಬಲ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 1.4, ಲ್ಯಾಂಬ್ಡಾ 0.93, ಬಲ ಹೆಡ್‌ಲೈಟ್ ಮಂಕು, ಎಡ ಬಾಗಿಲುಗಳ ಕೆಳಗಿನ ತಗಡಿನಲ್ಲಿ ತುಕ್ಕಿನ ತೂತು. ಗ್ಯಾರೇಜಿನವರು ಗುಜರಿಗೆ ಹಾಕಿ ಎನ್ನುತ್ತಾರೆ. ತಮ್ಮ, ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಿದರೆ ಹೊಗೆ ಸರಿಹೋಗುತ್ತದೆ, ಉಳಿದದ್ದು ಸಣ್ಣಪುಟ್ಟ ಕೆಲಸ ಎನ್ನುತ್ತಾನೆ. ಈಚೆಗೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ, ಉಷ್ಣತೆಯ ಮುಳ್ಳು ಅರ್ಧದವರೆಗೂ ಏರುವುದಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ, ತಾಯಿ. ನೀವು ಅಂಕಿಗಳನ್ನು ಬರೆದು ಕಳಿಸಿದ್ದೀರಿ, ಅದಕ್ಕೆ ನಿಮಗೆ ನನ್ನ ಕೃತಜ್ಞತೆ. ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಫೇಲಾಯಿತು, ಏನು ಮಾಡಲಿ’ ಎಂಬಲ್ಲಿಗೇ ನಿಲ್ಲುತ್ತವೆ. ಹಾಳೆಯ ಮೇಲ್ಭಾಗದ ಆ ಒಂದು ಪದ ಕಂಡ ಕೂಡಲೇ ಜನ ಬೇಸರದಿಂದ ಅದನ್ನು ಮಡಚಿ ಜೇಬಿಗೆ ಹಾಕುತ್ತಾರೆ. ಕಾರಿಗೆ ಏನಾಗಿದೆ ಎಂದು ಬರೆದಿರುವುದು ಅದರ ಕೆಳಗಿನ ಸಾಲುಗಳಲ್ಲಿ. ಇಪ್ಪತ್ತೆಂಟು ವರ್ಷ ಗ್ಯಾರೇಜಿನಲ್ಲೂ ತಪಾಸಣೆಯ ಅಂಕಣದಲ್ಲೂ ದುಡಿದ ನನಗೆ, ರಿಪೇರಿಯ ಅರ್ಧ ಭಾಗ ಆ ಸಾಲುಗಳನ್ನು ಓದುವುದರಲ್ಲೇ ಇದೆ ಎಂಬುದು ಅನುಭವದಿಂದ ಬಂದ ನಂಬಿಕೆ.

ಮೊದಲು ತುಕ್ಕು. ನಿಮ್ಮ ವರದಿಯಲ್ಲಿ ಅದು ಕೊನೆಯ ಸಾಲು, ನನಗೆ ಮೊದಲನೆಯದು. ಬೇರೆ ಯಾವುದಕ್ಕೂ ಹಣ ಹಾಕುವ ಮೊದಲು ಇದರ ತೀರ್ಮಾನ ಆಗಬೇಕು. ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಆ ಭಾಗ ನೋಡಲು ಬರಿಯ ಪಟ್ಟಿಯಂತೆ ಕಂಡರೂ ಒಳಗೆ ಟೊಳ್ಳಾದ ತಗಡಿನ ಪೆಟ್ಟಿಗೆ. ಪ್ರತ್ಯೇಕ ಷಾಸಿ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲದ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಭಾರವನ್ನು ಹೊರುವುದು ಅದೇ. ಪಕ್ಕದಿಂದ ಬೇರೆ ವಾಹನ ಗುದ್ದಿದರೆ ಒಳಗೆ ಕುಳಿತವರಿಗೆ ಆಸರೆಯಾಗುವುದರಲ್ಲೂ ಅದರ ಪಾಲು ದೊಡ್ಡದು. ನೀರು ಒಳಗಿನಿಂದ ತಿನ್ನುತ್ತಾ ಬರುವುದರಿಂದ ಹೊರಗೆ ಹಿಡಿ ಅಗಲದ ತೂತು ಕಂಡಾಗ ಒಳಗೆ ಮೊಳದುದ್ದ ಹೋಗಿರುವುದುಂಟು. ಒಮ್ಮೆ ನಾನು ಪಂಕ್ಚರ್ ಆದ ಚಕ್ರ ಬಿಚ್ಚಲು ಒಂದು ಹಳೆಯ ಕಾರಿಗೆ ಜಾಕ್ ಕೊಟ್ಟೆ. ಕಾರು ಏರಲಿಲ್ಲ, ಜಾಕ್ ಕಾರಿನೊಳಕ್ಕೆ ಏರಿತು. ಹೊರಗಿನ ಬಣ್ಣ ಕನ್ನಡಿಯಂತಿತ್ತು. ಆ ಕಾರಿನ ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ಕುಳಿತು ಬಂದಿದ್ದರು. ಅಂದಿನಿಂದ ಹಳೆಯ ಕಾರು ಎದುರಿಗೆ ಬಂದರೆ ಬಾನೆಟ್ ಎತ್ತುವ ಮೊದಲು ನಾನು ಮಂಡಿಯೂರಿ ಕೆಳಗೆ ನೋಡುತ್ತೇನೆ.

ನೀವೂ ನೋಡಬಹುದು. ಸ್ಕ್ರೂಡ್ರೈವರ್‌ನ ಹಿಡಿಯಿಂದ ಆ ಭಾಗವನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಖಣಿಲ್ಲೆನ್ನುತ್ತದೆ. ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡುತ್ತದೆ, ಕೆಲವೊಮ್ಮೆ ಒಳಗೆ ಪುಡಿ ಉದುರುವುದೂ ಕೇಳಿಸುತ್ತದೆ. ಪುಟ್ಟಿ ಮೆತ್ತಿದ ಜಾಗದಲ್ಲಿ ಆಯಸ್ಕಾಂತ ಹಿಡಿಯುವುದಿಲ್ಲ. ಮಂದ ಸದ್ದು ತೂತಿನ ಸುತ್ತಮುತ್ತ ಮಾತ್ರ ಇದ್ದರೆ, ಒಳ್ಳೆಯ ತಗಡು ಸಿಗುವವರೆಗೂ ಕತ್ತರಿಸಿ ತೆಗೆದು ಅದೇ ದಪ್ಪದ ಹೊಸ ಉಕ್ಕಿನ ತಗಡನ್ನು ಸುತ್ತಲೂ ಬಿಡುವಿಲ್ಲದೆ ವೆಲ್ಡ್ ಮಾಡಿಸಿ, ಒಳಭಾಗಕ್ಕೆ ಮೇಣದಂಥ ತುಕ್ಕುನಿರೋಧಕ ಹಾಕಿಸಿ. ಇದು ಸರಿಯಾದ ರಿಪೇರಿ. ಫೈಬರ್ ಮೆತ್ತಿ, ಪುಟ್ಟಿ ಎಳೆದು, ಮೇಲೆ ಕಪ್ಪು ಲೇಪ ಬಳಿಯುವುದಕ್ಕೆ ದಯವಿಟ್ಟು ಒಪ್ಪಬೇಡಿ. ಒದ್ದೆ ತುಕ್ಕಿನ ಮೇಲೆ ಬಳಿದ ಲೇಪ ತೇವವನ್ನು ಒಳಗೇ ಕೂಡಿಹಾಕುತ್ತದೆ. ಮಂದ ಸದ್ದು ಎರಡೂ ಬದಿಗಳಲ್ಲಿ, ಸಸ್ಪೆನ್ಷನ್ ಕೂರುವ ಜಾಗದಲ್ಲಿ, ಸೀಟ್ ಬೆಲ್ಟಿನ ಬೋಲ್ಟಿನ ಬುಡದಲ್ಲಿ ಕೇಳಿಬಂದರೆ ಗ್ಯಾರೇಜಿನವರ ಮಾತೇ ಸರಿ. ಆಗ ಬ್ರೇಕ್, ಹೊಗೆ ಯಾವುದನ್ನೂ ಮುಟ್ಟಬೇಡಿ, ಕಾರನ್ನು ಬಿಟ್ಟುಕೊಡಿ. ತಂದೆಯವರ ಕಾರು ಎಂದು ನೀವು ಬರೆದದ್ದನ್ನು ಎರಡು ಸಲ ಓದಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ತಗಡು ಗಟ್ಟಿಯಿದೆ ಎಂದಿಟ್ಟುಕೊಂಡು ಮುಂದಕ್ಕೆ ಹೋಗೋಣ. ಹೊಗೆಯ ವಿಷಯದಲ್ಲಿ ನಿಮ್ಮ ತಮ್ಮನ ಲೆಕ್ಕ ತಪ್ಪಿದೆ, ಅದು ತಪ್ಪೆಂದು ಹೇಳುತ್ತಿರುವುದು ನಿಮ್ಮ ಹಾಳೆಯಲ್ಲಿರುವ ಲ್ಯಾಂಬ್ಡಾ. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಸರಿಯಾಗಿ ಅಷ್ಟಿದ್ದರೆ ಲ್ಯಾಂಬ್ಡಾ 1. ನಿಮ್ಮದು 0.93 ಎಂದರೆ ಇರಬೇಕಾದ ಗಾಳಿಗಿಂತ ಶೇ. 7ರಷ್ಟು ಕಡಿಮೆ, ಅರ್ಥಾತ್ ಪೆಟ್ರೋಲ್ ಹೆಚ್ಚು. ಕನ್ವರ್ಟರ್ ಕಾರ್ಬನ್ ಮಾನಾಕ್ಸೈಡನ್ನು ಸುಡುವುದು ಹೊಗೆಯಲ್ಲಿ ಉಳಿದಿರುವ ಆಮ್ಲಜನಕದಿಂದ. ಆಮ್ಲಜನಕವೇ ಇಲ್ಲದ ಕಡೆ ಹೊಸ ಕನ್ವರ್ಟರ್ ತಂದು ಕೂರಿಸಿದರೂ ಅದು ಯಾವುದರಿಂದ ಸುಡಬೇಕು? ಲ್ಯಾಂಬ್ಡಾ 1ರ ಹತ್ತಿರವಿದ್ದು ಮಾನಾಕ್ಸೈಡ್ ಮಾತ್ರ ಏರಿದ್ದರೆ ಆಗ ನಾನೂ ಕನ್ವರ್ಟರನ್ನೇ ಅನುಮಾನಿಸುತ್ತಿದ್ದೆ.

ಇದನ್ನು ನಾನು ಕಲಿತದ್ದು ಇನ್ನೊಬ್ಬರಿಗೆ ನಷ್ಟ ಮಾಡಿ. ಒಬ್ಬ ಶಿಕ್ಷಕಿ ಇದೇ ದೂರಿನೊಂದಿಗೆ ಬಂದಿದ್ದರು. ಹೊಸ ಕನ್ವರ್ಟರ್ ಹಾಕಿ ಕಳಿಸಿದೆ. ಎರಡನೆಯ ತಪಾಸಣೆಯಲ್ಲೂ ಅದೇ ಅಂಕಿ. ಅವರು ನನ್ನನ್ನು ಬೈಯಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, ‘ಈಗ ಇನ್ನೇನು ಬದಲಿಸಬೇಕು?’ ಎಂದಷ್ಟೇ ಕೇಳಿದರು. ಆ ರಾತ್ರಿ ಗ್ಯಾರೇಜಿನಲ್ಲೇ ಕುಳಿತು ಮೊದಲಿನಿಂದ ಹುಡುಕಿದೆ. ಸಿಕ್ಕಿದ್ದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ವಸ್ತು: ತೆರೆದುಕೊಂಡೇ ಅಂಟಿಕೊಂಡಿದ್ದ ಥರ್ಮೋಸ್ಟಾಟ್, ಎಂದರೆ ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ. ನೀರು ಸದಾ ರೇಡಿಯೇಟರ್‌ಗೆ ಹರಿಯುತ್ತಿದ್ದರಿಂದ ಎಂಜಿನ್ ಪೂರ್ತಿ ಕಾಯುತ್ತಿರಲಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದ ಕಂಪ್ಯೂಟರ್, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೊಡುವಂತೆ, ಹೆಚ್ಚು ಪೆಟ್ರೋಲನ್ನು ಕೊಡುತ್ತಲೇ ಇತ್ತು. ಕನ್ವರ್ಟರ್‌ನ ಹಣವನ್ನು ಅವರಿಗೆ ಹಿಂದಿರುಗಿಸಿದೆ, ಆದರೆ ಅವರು ಕಳೆದುಕೊಂಡ ದಿನಗಳನ್ನು ಕೊಡಲು ನನ್ನಿಂದ ಆಗಲಿಲ್ಲ.

ನಿಮ್ಮ ಕಾರಿನ ಮುಳ್ಳು ಅರ್ಧದವರೆಗೂ ಏರುವುದಿಲ್ಲ ಎಂಬ ಸಾಲು ಓದಿದಾಗ ನನಗೆ ಆ ರಾತ್ರಿ ನೆನಪಾಯಿತು. ಮೊದಲು ಥರ್ಮೋಸ್ಟಾಟ್, ಅದು ಸರಿಯಿದ್ದರೆ ನೀರಿನ ಉಷ್ಣತೆಯ ಸೆನ್ಸರ್, ಆಮೇಲೆ ಆಕ್ಸಿಜನ್ ಸೆನ್ಸರ್, ಸೋರುವ ಇಂಜೆಕ್ಟರ್: ಈ ಕ್ರಮದಲ್ಲಿ ನೋಡಲು ಹೇಳಿ. ಎಂಜಿನ್ ಆಯಿಲನ್ನೂ ಬದಲಿಸಿ. ತಣ್ಣನೆಯ ಎಂಜಿನ್ನಿನಲ್ಲಿ ಹೆಚ್ಚಾದ ಪೆಟ್ರೋಲ್ ಆಯಿಲಿಗೆ ಇಳಿಯುತ್ತದೆ, ಮುಂದೆ ಎಂಜಿನ್ ಕಾದಾಗ ಅದು ಆವಿಯಾಗಿ ಮತ್ತೆ ಉರಿಯಲು ಬಂದು ಮಾನಾಕ್ಸೈಡನ್ನು ಏರಿಸುತ್ತದೆ. ಆಯಿಲಿನ ಮಟ್ಟ ಅಳೆಯುವ ಕಡ್ಡಿಯನ್ನು (ಡಿಪ್ ಸ್ಟಿಕ್) ಮೂಸಿದರೆ ಪೆಟ್ರೋಲ್ ವಾಸನೆ ಬರುವುದು ಇದಕ್ಕೇ.

ಬ್ರೇಕ್. 0.7ಕ್ಕೂ 1.3ಕ್ಕೂ ಇರುವ ಅಂತರ ಶೇ. 46. ಯುರೋಪಿನ ನಿಯಮಗಳಲ್ಲಿ ಒಂದೇ ಆಕ್ಸಲ್‌ನ ಎರಡು ಚಕ್ರಗಳ ನಡುವೆ ಶೇ. 30ಕ್ಕಿಂತ ಹೆಚ್ಚು ಅಂತರವಿದ್ದರೆ ಅದನ್ನು ದೋಷವೆಂದು ಬರೆಯುತ್ತಾರೆ. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ತುಳಿದಾಗ ಕಾರು ಒಂದು ಬದಿಗೆ ಎಳೆಯುವುದು, ತಿರುಗಿಬಿಡುವುದು ಇಂಥ ಅಂತರದಿಂದಲೇ. ನಿಮ್ಮ ಹಾಳೆ ಇನ್ನೊಂದು ಸುಳಿವನ್ನೂ ಕೊಟ್ಟಿದೆ. ಹಿಂದಿನದು ಡ್ರಮ್ ಬ್ರೇಕ್ ಆಗಿದ್ದರೆ, ಕಾಲಿನಿಂದ ತುಳಿದಾಗ ಶೂಗಳನ್ನು (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿಗಳನ್ನು) ತಳ್ಳುವುದು ಬ್ರೇಕ್ ಆಯಿಲ್, ಹ್ಯಾಂಡ್ ಬ್ರೇಕ್ ಎಳೆದಾಗ ತಳ್ಳುವುದು ತಂತಿ. ಶೂಗಳು ಮಾತ್ರ ಎರಡಕ್ಕೂ ಅವೇ. ಎರಡೂ ಎಡಗಡೆಯೇ ಸೋತಿವೆ. ಹಾಗಾಗಿ ದೋಷ ಡ್ರಮ್ಮಿನ ಒಳಗೇ ಇರುವ ಸಂಭವ ಹೆಚ್ಚು. ತೆರೆದು ನೋಡಿದರೆ ಶೂಗಳು ಒದ್ದೆಯಾಗಿರಬಹುದು. ಆಯಿಲಿನ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರಿದೆಯೋ, ಹಬ್ಬಿನ ಗ್ರೀಸ್ ಒಳಗೆ ಇಳಿದಿದೆಯೋ ಎಂಬುದನ್ನು ಪತ್ತೆ ಮಾಡಿಯೇ ಮುಂದುವರಿಯಬೇಕು. ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಬೇಡ. ಹೀರಿಕೊಂಡ ಎಣ್ಣೆ ಕಾದಾಗ ಹೊರಬರುತ್ತದೆ. ಹೊಸ ಶೂಗಳು ಎರಡೂ ಬದಿಗೆ ಒಟ್ಟಿಗೇ ಬೀಳಬೇಕು. ಶೂ ಒಣಗಿದ್ದರೆ ತಾನಾಗಿ ಸವೆತ ಸರಿದೂಗಿಸುವ ಅಡ್ಜಸ್ಟರ್ ಜಾಮ್ ಆಗಿದೆಯೇ ನೋಡಲಿ.

ಬ್ರೇಕ್ ಆಯಿಲನ್ನು ಕೊನೆಯ ಬಾರಿ ಬದಲಿಸಿದ್ದು ನೆನಪಿಲ್ಲವಾದರೆ ಈಗಲೇ ಬದಲಿಸಿ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಮಾನದಂಡದಲ್ಲಿ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಹೀರಿದ್ದಕ್ಕೆ 155 ಸಾಕು. ಇಳಿಜಾರಿನ ರಸ್ತೆಯಲ್ಲಿ ಈ ವ್ಯತ್ಯಾಸ ಪೆಡಲ್ ಕಾಲಡಿಯಲ್ಲಿ ಮೆತ್ತಗಾಗಿ ಕುಸಿಯುವುದರಲ್ಲಿ ತಿಳಿಯುತ್ತದೆ.

ಹೆಡ್‌ಲೈಟ್ ಬೇಗ ಮುಗಿಯುವ ಕೆಲಸ. ಗಾಜಿನ ಜಾಗದಲ್ಲಿರುವ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಗಟ್ಟಿರಬಹುದು. ನೀರು ಚಿಮುಕಿಸಿ ನೋಡಿ, ಒದ್ದೆಯಾದಾಗ ಸ್ವಚ್ಛವಾಗಿ ಕಂಡರೆ ಮಬ್ಬು ಹೊರಗಿನದು. ಉಜ್ಜಿ, ಪಾಲಿಶ್ ಮಾಡಿಸಿ, ಬಿಸಿಲು ತಡೆಯುವ ಲೇಪ ಹಾಕಿಸಿ. ಲೇಪ ಬಿಟ್ಟರೆ ಕೆಲವು ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಒಳಗಿನ ಪ್ರತಿಫಲಕದ ಬೆಳ್ಳಿ ಹೊಳಪು ಹೋಗಿದ್ದರೆ ಮಾತ್ರ ಇಡೀ ದೀಪ ಬದಲಿಸಬೇಕು.

ಮರುತಪಾಸಣೆಯ ದಿನ ಡಿಕ್ಕಿ ಖಾಲಿ ಮಾಡಿ, ಟೈರ್‌ಗಳಿಗೆ ಸರಿಯಾದ ಗಾಳಿ ತುಂಬಿಸಿ; ಹಿಂಭಾಗ ತಗ್ಗಿದರೆ ಹೆಡ್‌ಲೈಟಿನ ಬೆಳಕು ಮೇಲಕ್ಕೆ ಹೋಗುತ್ತದೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿಕೊಂಡು ಹೋಗಿ, ಸಾಲಿನಲ್ಲಿ ಕಾಯುವಾಗ ಎಂಜಿನ್ ಆರಿಸಿ ತಣ್ಣಗಾಗಲು ಬಿಡಬೇಡಿ. ಕನ್ವರ್ಟರ್ ಸುಮಾರು 300 ಡಿಗ್ರಿ ಕಾದ ಮೇಲಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ತಟ್ಟಿ ನೋಡಿದಾಗ ಯಾವ ಸದ್ದು ಬಂತೆಂದು ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಎಂಜಿನ್ ಎಚ್ಚರಿಕೆ ದೀಪ ಉರಿಯುತ್ತಿತ್ತು. ತಪಾಸಣೆಯ ದಿನ ಬೆಳಗ್ಗೆ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ದೀಪ ಆರಿಸಿಕೊಟ್ಟರು. ಆದರೂ ‘ಸ್ವಪರೀಕ್ಷೆ ಪೂರ್ಣಗೊಂಡಿಲ್ಲ’ ಎಂದು ಬರೆದು ವಾಪಸ್ ಕಳಿಸಿದರು. ದೀಪ ಈಗಲೂ ಉರಿಯುತ್ತಿಲ್ಲ. ಇದು ಅನ್ಯಾಯವಲ್ಲವೇ?

ಉತ್ತರ: ನಿಮಗಾದ ಬೇಸರ ಅರ್ಥವಾಗುತ್ತದೆ, ಆದರೆ ಅವರು ಬರೆದದ್ದು ಸರಿ. ಸ್ಕ್ಯಾನರ್‌ನಿಂದ ದೀಪ ಆರಿಸಿದಾಗ, ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡಿನ ಜೊತೆಗೆ, ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮೊದಲಾದವನ್ನು ಕಾರಿನ ಕಂಪ್ಯೂಟರ್ ತಾನೇ ಪರೀಕ್ಷಿಸಿ ಇಟ್ಟುಕೊಂಡ ಫಲಿತಾಂಶಗಳೂ ಅಳಿಸಿಹೋಗುತ್ತವೆ. ಬ್ಯಾಟರಿ ಬಿಚ್ಚಿದರೂ ಹಲವು ಕಾರುಗಳಲ್ಲಿ ಹೀಗೇ ಆಗುತ್ತದೆ. ಅವೆಲ್ಲ ಮತ್ತೆ ಪೂರ್ತಿಯಾಗಲು ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಆಗಬೇಕು, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು, ಕಾರು ನಿಂತಲ್ಲೇ ಎಂಜಿನ್ ಚಾಲೂ ಇರಬೇಕು (ಐಡಲ್). ಇದು ಒಂದೆರಡು ದಿನಗಳಿಂದ ವಾರದವರೆಗೆ ಹಿಡಿಯಬಹುದು. ಈ ಅವಧಿಯಲ್ಲಿ ಟ್ಯಾಂಕನ್ನು ಬಾಯಿವರೆಗೆ ತುಂಬಿಸಬೇಡಿ, ತೀರಾ ಖಾಲಿಯೂ ಮಾಡಬೇಡಿ. ಪೆಟ್ರೋಲ್ ಆವಿಯ ವ್ಯವಸ್ಥೆಯ ಪರೀಕ್ಷೆ ಸಾಮಾನ್ಯವಾಗಿ ಟ್ಯಾಂಕ್ ನಡುಮಟ್ಟದಲ್ಲಿದ್ದಾಗ ನಡೆಯುತ್ತದೆ.

ನನಗೆ ನೋವಾದದ್ದು ಬೇರೆ ವಿಷಯಕ್ಕೆ. ಆ ಕೋಡ್ ಏನಿತ್ತೆಂದು ಮೆಕ್ಯಾನಿಕ್ ನಿಮಗೆ ಹೇಳಿಲ್ಲ, ನೀವೂ ಬರೆದಿಲ್ಲ. ದೋಷ ಎಲ್ಲಿದೆ ಎಂದು ಕಾರು ತಾನಾಗಿ ಹೇಳಿದ ಮಾತು ಅದು. ದೀಪ ಮತ್ತೆ ಉರಿದರೆ ಅಳಿಸುವ ಮೊದಲು ಕೋಡನ್ನೂ, ಅದು ದಾಖಲಾದ ಕ್ಷಣದ ವೇಗ ಮತ್ತು ಉಷ್ಣತೆಯನ್ನೂ ಬರೆಸಿಕೊಳ್ಳಿ. ಸ್ಕ್ಯಾನರ್‌ನಲ್ಲಿ ಅವೂ ಸಿಗುತ್ತವೆ.

ಪ್ರಶ್ನೆ: ನನ್ನ ಟೈರ್‌ಗಳು ಸವೆದಿವೆ. ತಪಾಸಣೆಯ ದಿನಕ್ಕೆ ಮಾತ್ರ ಸ್ನೇಹಿತನ ಚಕ್ರಗಳನ್ನು ಹಾಕಿಕೊಂಡು ಹೋಗಬಹುದೇ?

ಉತ್ತರ: ಬೇಡ. ಮರುದಿನ ಮಳೆ ಬಂದರೆ ಆ ಚಕ್ರಗಳು ಸ್ನೇಹಿತನ ಮನೆಯಲ್ಲಿರುತ್ತವೆ, ನೀವು ರಸ್ತೆಯಲ್ಲಿರುತ್ತೀರಿ. ಬಹಳ ಕಡೆ ಕನಿಷ್ಠ ಗೀರಿನ ಆಳ 1.6 ಮಿಲಿಮೀಟರ್ ಎಂದಿದೆ. ನೀರನ್ನು ಹೊರದಬ್ಬುವ ಶಕ್ತಿ ಅದಕ್ಕೂ ಬಹಳ ಮೊದಲೇ ಕುಗ್ಗಿರುತ್ತದೆ, ಆದ್ದರಿಂದ 3 ಮಿಲಿಮೀಟರ್‌ಗೆ ಇಳಿದಾಗಲೇ ಬದಲಿಸಿ ಎಂಬುದು ನನ್ನ ಸಲಹೆ. ಕೈಯಲ್ಲಿ ಹಣ ಸಾಲದಿದ್ದರೆ ಸದ್ಯಕ್ಕೆ ಒಂದೇ ಆಕ್ಸಲ್‌ಗೆ ಎರಡು ಹೊಸ ಟೈರ್ ಕೊಂಡು ಹಿಂದಕ್ಕೆ ಹಾಕಿಸಿ, ಉಳಿದವುಗಳಲ್ಲಿ ಮಿತಿಯೊಳಗಿರುವ ಉತ್ತಮವಾದ ಎರಡು ಮುಂದಕ್ಕೆ ಬರಲಿ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿ: 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯವರು ಹೊಸದೆಂದು ಕೊಡುವ ಟೈರ್ ಕೆಲವೊಮ್ಮೆ ಗೋದಾಮಿನಲ್ಲಿ ನಾಲ್ಕು ವರ್ಷ ಕುಳಿತಿರುತ್ತದೆ.