ಗಡಿಯಾರಕ್ಕೆ ನೇತುಬಿದ್ದವನ ಬಲಗೈ: ಹಳೆಯ ಹಾಲಿವುಡ್ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹಾಲಿವುಡ್‌ನ ಮೊದಲ ದಿನಗಳ ನಟನಟಿಯರ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದವುಗಳಲ್ಲಿ ಬಹಳಷ್ಟು ‘ಹೀಗಂತೆ, ಹೌದಾ?’ ಎನ್ನುವಂಥವು. ಅದಕ್ಕೆ ಕಾರಣವಿದೆ. ನಟರ ಬಗ್ಗೆ ಕಥೆ ಕಟ್ಟಿ ಪತ್ರಿಕೆಗಳಿಗೆ ಕೊಡುವುದಕ್ಕೆಂದೇ ಆ ಕಾಲದ ಸ್ಟುಡಿಯೊಗಳು ಸಂಬಳ ಕೊಟ್ಟು ಜನ ಇಟ್ಟುಕೊಂಡಿದ್ದವು. ನೂರು ವರ್ಷ ಕಳೆದರೂ ಆ ಕಥೆಗಳು ಇನ್ನೂ ಓಡಾಡುತ್ತಿವೆ. ನಾನು ಆದಷ್ಟು ಮಟ್ಟಿಗೆ ಅವನ್ನು ಪಕ್ಕಕ್ಕಿಟ್ಟು, ತೆರೆಯ ಮೇಲೆ ಏನು ಕಾಣುತ್ತದೆ ಎಂಬುದನ್ನು ಹಿಡಿದು ಉತ್ತರಿಸಿದ್ದೇನೆ.

ಪ್ರಶ್ನೆ: ದೊಡ್ಡ ಗಡಿಯಾರದ ಮುಳ್ಳು ಹಿಡಿದು ನೇತಾಡುವ ಕನ್ನಡಕದ ನಟನ ಫೋಟೊ ಎಲ್ಲ ಕಡೆ ನೋಡಿದ್ದೇನೆ. ಅವನು ನಿಜವಾಗಿ ಅಷ್ಟು ಎತ್ತರದಲ್ಲಿ ನೇತಾಡಿದನಾ, ಇಲ್ಲ ಅದು ಕ್ಯಾಮೆರಾ ಟ್ರಿಕ್ಕಾ? (ಹಾಸನದ ಓದುಗರು)

ಅವನು ಹೆರಾಲ್ಡ್ ಲಾಯ್ಡ್. ಚಿತ್ರ 1923ರ ‘ಸೇಫ್ಟಿ ಲಾಸ್ಟ್’. ಎರಡಕ್ಕೂ ಅರ್ಧರ್ಧ ಹೌದು ಅನ್ನಬೇಕಾಗುತ್ತದೆ. ಲಾಸ್ ಏಂಜಲೀಸ್‌ನ ಬೇರೆ ಬೇರೆ ಎತ್ತರದ ಕಟ್ಟಡಗಳ ತಾರಸಿಯ ಮೇಲೆ ಗೋಡೆಯ ಸೆಟ್ ಹಾಕಿದ್ದರು. ಕ್ಯಾಮೆರಾವನ್ನು ಹೇಗೆ ಇಟ್ಟಿದ್ದರೆಂದರೆ, ಕೆಳಗಿನ ಬೀದಿ, ಟ್ರಾಮು, ಓಡಾಡುವ ಜನ ಎಲ್ಲ ನಿಜವಾಗಿ ಕಾಣುತ್ತದೆ. ತಾರಸಿ ಮಾತ್ರ ಕಾಣುವುದಿಲ್ಲ. ಲಾಯ್ಡ್‌ನ ಕಾಲ ಕೆಳಗೆ ಸ್ವಲ್ಪ ದೂರದಲ್ಲಿ ಹಾಸಿಗೆ ಹಾಸಿದ ಒಂದು ಅಟ್ಟ ಇತ್ತು. ಆದರೆ ಆ ಅಟ್ಟಕ್ಕೆ ತಡೆಗೋಡೆ ಇರಲಿಲ್ಲ. ಒಮ್ಮೆ ಪರೀಕ್ಷೆಗೆಂದು ಒಂದು ಬೊಂಬೆಯನ್ನು ಬಿಟ್ಟು ನೋಡಿದರೆ, ಅದು ಹಾಸಿಗೆ ಮೇಲೆ ಬಿದ್ದು, ಪುಟಿದು, ನೇರ ಬೀದಿಗೆ ಹೋಯಿತು. ದೂರದಿಂದ ತೆಗೆದ ಶಾಟ್‌ಗಳಲ್ಲಿ ಗೋಡೆ ಹತ್ತುವವರು ಡೂಪ್‌ಗಳು. ಹತ್ತಿರದ ಶಾಟ್‌ಗಳಲ್ಲಿ ಲಾಯ್ಡ್‌ನೇ.

ಈಗ ನೀವೊಂದು ಕೆಲಸ ಮಾಡಿ. ಆ ದೃಶ್ಯ ಹಾಕಿಕೊಂಡು ಅವನ ಬಲಗೈಯನ್ನಷ್ಟೇ ನೋಡಿ. ಆ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಿಡಿತವೇ ಇಲ್ಲ. ಕಾರಣ, ಅವು ಅವನ ಬೆರಳುಗಳಲ್ಲ. 1919ರ ಆಗಸ್ಟ್‌ನಲ್ಲಿ ಒಂದು ಸ್ಟುಡಿಯೊದಲ್ಲಿ ಪ್ರಚಾರದ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ, ಡಮ್ಮಿ ಎಂದುಕೊಂಡು ಹಿಡಿದ ಬಾಂಬು ಕೈಯಲ್ಲೇ ಸಿಡಿಯಿತು. ಎರಡು ಬೆರಳು ಹೋದವು. ಕೆಲ ಕಾಲ ಕಣ್ಣೂ ಕಾಣಲಿಲ್ಲ. ಆಮೇಲೆ ಚರ್ಮದ ಬಣ್ಣದ ಗ್ಲೌಸ್ ಮಾಡಿಸಿ, ಅದರಲ್ಲಿ ಕೃತಕ ಬೆರಳು ಕೂರಿಸಿಕೊಂಡು ನಟಿಸಿದ. ಅಂದರೆ ಗಡಿಯಾರದ ಮುಳ್ಳನ್ನು ಹಿಡಿದ ಬಲಗೈಯಲ್ಲಿ ಇದ್ದದ್ದು ಮೂರೇ ಬೆರಳು. ಪ್ರೇಕ್ಷಕರು ನಗಬೇಕು, ಅಯ್ಯೋ ಪಾಪ ಅನ್ನಬಾರದು ಎಂದು ಅವನು ಇದನ್ನು ಆಗ ಹೇಳಿಕೊಳ್ಳಲೇ ಇಲ್ಲ. ಹಾಗಾಗಿ ‘ಟ್ರಿಕ್ಕು’ ಎಂಬ ಮಾತು ಕೇಳಿದಾಗೆಲ್ಲ ನನಗೆ ಸ್ವಲ್ಪ ಬೇಜಾರಾಗುತ್ತದೆ.

ಆ ಕಾಲದ ಇನ್ನೊಬ್ಬ ಹಾಸ್ಯನಟ ಬಸ್ಟರ್ ಕೀಟನ್ ಮೇಲೆ ಮನೆಯ ಗೋಡೆ ಬೀಳುವ ದೃಶ್ಯದ ಬಗ್ಗೆಯೂ ಇನ್ನಿಬ್ಬರು ಕೇಳಿದ್ದಾರೆ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದ್ದು. ಅಲ್ಲಿ ಟ್ರಿಕ್ಕು ಇಲ್ಲವೇ ಇಲ್ಲ. ಸುಮಾರು ಎರಡು ಟನ್ ತೂಕದ ಮುಂಗೋಡೆ ಇಡಿಯಾಗಿ ಕೆಳಗೆ ಬೀಳುತ್ತದೆ. ಮಹಡಿಯ ಕಿಟಕಿಯ ಖಾಲಿ ಜಾಗ ಅವನ ಮೈ ಸುತ್ತ ಇಳಿಯುತ್ತದೆ. ತಲೆಗೂ ಭುಜಕ್ಕೂ ಉಳಿದದ್ದು ಕೆಲವೇ ಅಂಗುಲ. ನಿಲ್ಲಬೇಕಾದ ಜಾಗವನ್ನು ಅಳೆದು ಗುರುತು ಮಾಡಿದ್ದರು, ಅಷ್ಟೇ. ಇದು ಹುಚ್ಚು ಧೈರ್ಯ ಅಂತ ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 1920ರ ‘ಒನ್ ವೀಕ್’ ಎಂಬ ಕಿರುಚಿತ್ರದಲ್ಲೇ ಅವನು ಇದೇ ಸಾಹಸವನ್ನು ಹಗುರ ಗೋಡೆ ಇಟ್ಟು ಮಾಡಿದ್ದ. ಎಂಟು ವರ್ಷ ತಲೆಯಲ್ಲಿ ತಿರುಗಿಸಿ, ಲೆಕ್ಕ ಹಾಕಿ ಮಾಡಿದ ಕೆಲಸ ಅದು.

ಪ್ರಶ್ನೆ: ಜಾನ್ ಗಿಲ್ಬರ್ಟ್ ಎಂಬ ದೊಡ್ಡ ಸ್ಟಾರ್‌ನ ದನಿ ಕೀರಲಾಗಿತ್ತಂತೆ, ಅದಕ್ಕೇ ಟಾಕಿ ಬಂದ ಮೇಲೆ ಮನೆ ಸೇರಿದನಂತೆ. ನಿಜವಾ? (ಮಂಗಳೂರಿನ ಓದುಗರು)

ಇಲ್ಲ. ಅದೂ ನೀವೇ ಕೇಳಿ ತೀರ್ಮಾನ ಮಾಡಬಹುದಾದ ವಿಷಯ. 1933ರ ‘ಕ್ವೀನ್ ಕ್ರಿಸ್ಟಿನಾ’ದಲ್ಲಿ ಗಿಲ್ಬರ್ಟ್ ಗ್ರೆಟಾ ಗಾರ್ಬೊ ಎದುರು ಮಾತಾಡಿದ್ದಾನೆ. ಸಾಧಾರಣ ಗಂಡುದನಿ. ಕೀರಲೇನೂ ಅಲ್ಲ.

ಎಡವಟ್ಟಾದದ್ದು ಬೇರೆ ಕಡೆ. ಮೂಕಿ ಚಿತ್ರದಲ್ಲಿ ಅವನು ಪ್ರೇಮಿಯ ಪಾತ್ರದಲ್ಲಿ ಕಣ್ಣಲ್ಲೇ ಎಲ್ಲ ಹೇಳುತ್ತಿದ್ದ. 1929ರ ‘ಹಿಸ್ ಗ್ಲೋರಿಯಸ್ ನೈಟ್’ನಲ್ಲಿ ಅದೇ ಪ್ರೇಮವನ್ನು ಬಾಯಿಬಿಟ್ಟು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸಿದರು. ಜನ ನಕ್ಕುಬಿಟ್ಟರು. ನಕ್ಕದ್ದು ಆ ಸಂಭಾಷಣೆ ಕೇಳಿ. ಎಂಜಿಎಂ ಸ್ಟುಡಿಯೊದ ಯಜಮಾನ ಲೂಯಿ ಬಿ. ಮೇಯರ್‌ಗೂ ಅವನಿಗೂ ಆಗುತ್ತಿರಲಿಲ್ಲ, ಬೇಕಂತಲೇ ದನಿ ಕೆಡಿಸಿದರು ಎಂಬ ಮಾತೂ ಇದೆ. ಅದಕ್ಕೆ ಸಾಕ್ಷಿ ಇಲ್ಲ. ಒಳ್ಳೆ ಚಿತ್ರಗಳು ಸಿಗಲಿಲ್ಲ, ಕುಡಿತ ಹೆಚ್ಚಾಯಿತು, 1936ರ ಜನವರಿಯಲ್ಲಿ ನಲವತ್ತು ತುಂಬುವ ಮೊದಲೇ ಹೃದಯಾಘಾತದಿಂದ ತೀರಿಕೊಂಡ. ‘ಕ್ವೀನ್ ಕ್ರಿಸ್ಟಿನಾ’ಗೆ ಅವನೇ ಬೇಕೆಂದು ಹಟ ಹಿಡಿದವಳು ಗಾರ್ಬೊ. ಆಕೆಯ ಮೇಲೆ ನನಗೆ ಗೌರವ ಹುಟ್ಟಿದ್ದು ಮುಖ್ಯವಾಗಿ ಇದಕ್ಕೇ.

ಪ್ರಶ್ನೆ: ಆ ಚಿತ್ರಗಳಲ್ಲಿ ಎಲ್ಲರಿಗೂ ಮುಖ ಬೆಳ್ಳಗೆ, ತುಟಿ ಕಪ್ಪಗೆ ಯಾಕೆ? ಮೇಕಪ್ ಗೊತ್ತಿರಲಿಲ್ವಾ? (ಧಾರವಾಡದ ಓದುಗರು)

ಚೆನ್ನಾಗಿ ಗೊತ್ತಿತ್ತು. ಫಿಲ್ಮಿಗೆ ಬಣ್ಣ ಗೊತ್ತಿರಲಿಲ್ಲ. ಆಗ ಬಳಸುತ್ತಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು. ನೀಲಿ ಬಿಳಿಯಾಗುತ್ತಿತ್ತು. ಹಾಗಾಗಿ ಕೆಂಪು ಲಿಪ್‌ಸ್ಟಿಕ್ ಹಚ್ಚಿದರೆ ತುಟಿ ಮಸಿ ಬಳಿದಂತೆ. ಬಿಳಿಯರ ಚರ್ಮದಲ್ಲಿ ಕೆಂಪು ಛಾಯೆ ಜಾಸ್ತಿ ಇರುವುದರಿಂದ, ಮೇಕಪ್ ಇಲ್ಲದೆ ನಿಂತರೆ ಮುಖದ ತುಂಬ ಕಲೆ ಕಂಡ ಹಾಗೆ. ಅದಕ್ಕೇ ದಪ್ಪ ಲೇಪ. ನೀಲಿ ಕಣ್ಣಿನವರ ಪಾಡು ಇನ್ನೂ ಕಷ್ಟ. ಕಣ್ಣುಗುಡ್ಡೆ ಖಾಲಿ ಬಿಟ್ಟ ಹಾಗೆ ಕಾಣುತ್ತಿತ್ತು. ಆಕಾಶದಲ್ಲಿ ಮೋಡವೂ ಕಾಣದೆ ಬರೀ ಬಿಳಿ ಇರುವುದನ್ನು ಗಮನಿಸಿರಬಹುದು. ಅದೂ ಇದೇ ಕಾರಣಕ್ಕೆ. 1920ರ ದಶಕದ ಕೊನೆಯ ಹೊತ್ತಿಗೆ ಎಲ್ಲ ಬಣ್ಣ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂತು. ಅಲ್ಲಿಂದ ಮುಖಗಳು ಮುಖಗಳಂತೆ ಕಾಣಲು ಶುರುವಾದವು.

ಮೇಕಪ್ ಮಾತು ಬಂದಾಗ ಲಾನ್ ಚೇನಿಯನ್ನು ಬಿಡಲು ಮನಸ್ಸಾಗುವುದಿಲ್ಲ. 1923ರಲ್ಲಿ ಗೂನುಬೆನ್ನಿನವನಾಗಿ, 1925ರಲ್ಲಿ ‘ದ ಫ್ಯಾಂಟಮ್ ಆಫ್ ದ ಆಪೆರಾ’ದ ವಿಕಾರ ಮುಖದವನಾಗಿ ಬಂದ ಚೇನಿ ತನ್ನ ಮೇಕಪ್ ತಾನೇ ಮಾಡಿಕೊಳ್ಳುತ್ತಿದ್ದ. ಬ್ರಿಟಾನಿಕಾ ವಿಶ್ವಕೋಶಕ್ಕೆ ಮೇಕಪ್ ಬಗ್ಗೆ ಬರೆಯಲು ಅವನನ್ನೇ ಕೇಳಿದ್ದರು. ಆದರೆ ಅವನ ಶಕ್ತಿ ಇದ್ದದ್ದು ಬಣ್ಣದಲ್ಲಲ್ಲ. ಅವನ ತಂದೆ ತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಮಾತೆಂದರೆ ಕೈಸನ್ನೆ, ಮುಖಭಾವ. ಅವನ ಕೈಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಎಚ್.ಡಿ. ಕೋಟೆ ಕಡೆಯ ಹುಡುಗನೊಬ್ಬ ಹಾಲಿವುಡ್ ಸ್ಟಾರ್ ಆಗಿದ್ದ ಎಂದು ಅಜ್ಜ ಹೇಳುತ್ತಿದ್ದರು. ಇದು ಬರೀ ಕಥೆನಾ? (ಮೈಸೂರಿನ ಓದುಗರು)

ಕಥೆಯಲ್ಲ, ನಿಮ್ಮ ಅಜ್ಜ ಹೇಳಿದ್ದು ಪೂರ್ತಿ ನಿಜ. ಅವನು ಸಾಬು. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಸಾಬು ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡ ಮೇಲೆ ಆನೆಲಾಯವೇ ಅವನ ಮನೆಯಾಯಿತು. ಸಾಕ್ಷ್ಯಚಿತ್ರಗಳಿಗೆ ಹೆಸರಾಗಿದ್ದ ರಾಬರ್ಟ್ ಫ್ಲಾಹರ್ಟಿ 1930ರ ದಶಕದ ನಡುವೆ ‘ಎಲಿಫೆಂಟ್ ಬಾಯ್’ ತೆಗೆಯಲು ಮೈಸೂರಿಗೆ ಬಂದಾಗ, ಅವರ ತಂಡದ ಕಣ್ಣಿಗೆ ಬಿದ್ದ. ಚಿತ್ರ 1937ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಅವನು ಆನೆಯ ಸೊಂಡಿಲ ಮೇಲೆ ಕಾಲಿಟ್ಟು ಹತ್ತುವ ರೀತಿ ನೋಡಿ. ಯಾರೂ ಹೇಳಿಕೊಟ್ಟದ್ದಲ್ಲ ಅದು. ನಡೆಯಲು ಕಲಿತ ದಿನಗಳಿಂದ ಮೈಗೆ ಹತ್ತಿದ ಸಲೀಸು.

ಚಿತ್ರದ ಉಳಿದ ಕೆಲಸಕ್ಕೆ ಅವನನ್ನು ಇಂಗ್ಲೆಂಡಿಗೆ ಕರೆದೊಯ್ದರು. 1940ರ ‘ದ ಥೀಫ್ ಆಫ್ ಬಾಗ್ದಾದ್’ ಅಲ್ಲಿ ಶುರುವಾಗಿ, ಯುದ್ಧದಿಂದಾಗಿ ಅಮೆರಿಕದಲ್ಲಿ ಮುಗಿಯಿತು. ಹಾಗೆ ಸಾಬು ಹಾಲಿವುಡ್ ಸೇರಿದ. 1942ರಲ್ಲಿ ‘ಜಂಗಲ್ ಬುಕ್’ನ ಮೋಗ್ಲಿಯಾದ. ಇವೆಲ್ಲ ಟಾಕಿಗಳೇ, ಉಳಿದ ಪ್ರಶ್ನೆಗಳಿಗಿಂತ ಸ್ವಲ್ಪ ಈಚಿನ ಮಾತು. 1944ರಲ್ಲಿ ಅಮೆರಿಕದ ಪೌರನಾಗಿ, ಅಲ್ಲಿನ ವಾಯುಪಡೆಯ ಬಿ-24 ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್‌ನಲ್ಲಿ ಹೋರಾಡಿದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. 1963ರ ಡಿಸೆಂಬರ್ 2ರಂದು ಹೃದಯಾಘಾತವಾಗಿ ತೀರಿಕೊಂಡಾಗ ವಯಸ್ಸು ಬರೀ 39.

ನನಗೆ ಸಂಕಟವಾಗುವುದು ಯುದ್ಧ ಮುಗಿದ ಮೇಲಿನ ವರ್ಷಗಳ ಬಗ್ಗೆ. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಅವನು ಶೋಕಿಲಾಲ ಯುವರಾಜನಾಗಿ ಎಷ್ಟು ಚೆನ್ನಾಗಿ ಮಾಡಿದ್ದಾನೆ! ಹಾಗಿದ್ದೂ ಹಾಲಿವುಡ್ ಅವನಿಗೆ ಮತ್ತೆ ಮತ್ತೆ ಕೊಟ್ಟದ್ದು ಅದೇ ಕಾಡು, ಅದೇ ಪ್ರಾಣಿ. ಬೆಳೆದ ಗಂಡಸಿಗೆ ಹುಡುಗನ ಪಾತ್ರ. ಇದು ಸಾಬು ಒಬ್ಬನ ಪಾಡಲ್ಲ. ಜಪಾನಿನ ಸೆಸ್ಯೂ ಹಯಕಾವಾ 1915ರ ‘ದ ಚೀಟ್’ನಿಂದ ದೊಡ್ಡ ತಾರೆಯಾದ. ಸಿಗುತ್ತಿದ್ದದ್ದೆಲ್ಲ ಖಳನ ಪಾತ್ರ ಎಂದು ಬೇಸತ್ತು 1918ರಲ್ಲಿ ಸ್ವಂತ ಕಂಪನಿಯನ್ನೇ ಕಟ್ಟಿದ. ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದ ನಟಿ ಆನಾ ಮೇ ವಾಂಗ್ ಕಥೆ ಇನ್ನೂ ಕಹಿ. 1937ರ ‘ದ ಗುಡ್ ಅರ್ಥ್’ ಚೀನಾದ ರೈತ ಕುಟುಂಬದ ಚಿತ್ರ. ಆಕೆ ಆಸೆಪಟ್ಟ ನಾಯಕಿಯ ಪಾತ್ರ ಲೂಯಿಸ್ ರೈನರ್‌ಗೆ ಹೋಯಿತು. ನಾಯಕನ ಪಾತ್ರಕ್ಕೆ ಬಿಳಿಯ ನಟ ಪಾಲ್ ಮ್ಯೂನಿಯನ್ನು ಹಾಕಿಕೊಂಡಿದ್ದರು. ಬೇರೆ ಬೇರೆ ಜನಾಂಗದವರ ಪ್ರಣಯ ತೋರಿಸಬಾರದು ಎಂಬ ನಿಯಮ ಆಗ ಇತ್ತು. ಚೀನೀ ಹೆಣ್ಣಿನ ಪಾತ್ರಕ್ಕೆ ಚೀನೀ ನಟಿಯೇ ಬೇಡವಾದಳು! ರೈನರ್‌ಗೆ ಆಸ್ಕರ್ ಕೂಡ ಬಂತು. 2022ರಲ್ಲಿ ಅಮೆರಿಕ ತನ್ನ ಕಾಲು ಡಾಲರ್ ನಾಣ್ಯದ ಮೇಲೆ ವಾಂಗ್ ಮುಖ ಅಚ್ಚು ಹಾಕಿತು. ಆಕೆ ತೀರಿಕೊಂಡು ಅಷ್ಟರಲ್ಲಿ ಅರವತ್ತು ವರ್ಷ ದಾಟಿತ್ತು.

ಪ್ರಶ್ನೆ: ತೇಡಾ ಬಾರಾ ನಟಿಸಿದ ‘ಕ್ಲಿಯೋಪಾತ್ರ’ ಎಲ್ಲಿ ನೋಡಬಹುದು? ಆಕೆ ಈಜಿಪ್ಟಿನವಳಂತೆ ಹೌದಾ? (ಬೆಂಗಳೂರಿನ ಓದುಗರು)

ಎಲ್ಲೂ ನೋಡಲಾಗುವುದಿಲ್ಲ. 1917ರ ಆ ಚಿತ್ರದ ಕೆಲವು ತುಣುಕುಗಳು ಬಿಟ್ಟರೆ ಉಳಿದದ್ದೆಲ್ಲ ಕಳೆದುಹೋಗಿದೆ. ಇನ್ನು ಈಜಿಪ್ಟಿನ ಮಾತು ಫಾಕ್ಸ್ ಕಂಪನಿಯ ಪ್ರಚಾರದವರು ಹುಟ್ಟಿಸಿದ್ದು. ಆಕೆ ಅಮೆರಿಕದ ಸಿನ್ಸಿನಾಟಿಯ ಹುಡುಗಿ, ಹೆಸರು ಥಿಯೊಡೋಸಿಯಾ ಗುಡ್‌ಮನ್.

ಆಕೆ ಸುಮಾರು ನಲವತ್ತು ಚಿತ್ರಗಳಲ್ಲಿ ನಟಿಸಿದ್ದಳು. ಪೂರ್ತಿ ಉಳಿದವನ್ನು ಬೆರಳಲ್ಲಿ ಎಣಿಸಬಹುದು. ಆಗಿನ ಫಿಲ್ಮು ನೈಟ್ರೇಟಿನದು. ಒಮ್ಮೆ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. 1937ರಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಾಕ್ಸ್ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಆ ಕಂಪನಿಯ ಮೂಕಿ ಚಿತ್ರಗಳ ಬಹುಪಾಲು ಸುಟ್ಟುಹೋಯಿತು. ಬೆಂಕಿಯಷ್ಟೇ ಅಲ್ಲ, ಬೇಡವೆಂದು ಎಸೆದವೂ, ಬೆಳ್ಳಿಗಾಗಿ ಕರಗಿಸಿದವೂ ಇವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದವು ಶೇ. 14 ಮಾತ್ರ. ಅವರ ಮಾತೇಕೆ, ನಮ್ಮ ಮೊದಲ ವಾಕ್ಚಿತ್ರ 1934ರ ‘ಸತಿ ಸುಲೋಚನಾ’ದ ಪ್ರತಿಯೂ ಇಂದು ಸಿಗುವುದಿಲ್ಲ. ನಿಮ್ಮ ಊರಿನ ಹಳೇ ಟಾಕೀಸಿನಲ್ಲೋ ಯಾರದೋ ಅಟ್ಟದಲ್ಲೋ ಹಳೆಯ ರೀಲಿನ ಡಬ್ಬ ಕಂಡರೆ ದಯವಿಟ್ಟು ಗುಜರಿಗೆ ಹಾಕಬೇಡಿ, ಬಿಸಿಲಿಗೂ ಬೆಂಕಿಗೂ ದೂರವಿಟ್ಟು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ.

ಪ್ರಶ್ನೆ: ಮೂಕಿ ಚಿತ್ರಗಳಲ್ಲಿ ಎಲ್ಲರೂ ದಡಬಡ ಓಡಾಡುತ್ತಾರೆ. ಸ್ವಲ್ಪ ಹೊತ್ತಿಗೇ ತಲೆನೋವು ಬರುತ್ತದೆ. ಮೊದಲ ಸಲ ನೋಡುವವರು ಯಾವುದರಿಂದ ಶುರು ಮಾಡಬೇಕು? (ಶಿವಮೊಗ್ಗದ ಓದುಗರು)

ತಪ್ಪು ನಟರದಲ್ಲ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20 ಫ್ರೇಮು, ಕೆಲವೊಮ್ಮೆ ಇನ್ನೂ ಹೆಚ್ಚು. ಟಾಕಿ ಬಂದ ಮೇಲೆ ವೇಗ 24ಕ್ಕೆ ನಿಂತಿತು. ಹಳೆಯ ರೀಲನ್ನು ಹಾಗೇ 24ರಲ್ಲಿ ಓಡಿಸಿದರೆ ನಡೆಯುವವರೆಲ್ಲ ಓಡುತ್ತಾರೆ. ಹಾಸ್ಯ ಚಿತ್ರಗಳಲ್ಲಿ ಬೇಕಂತಲೇ ನಿಧಾನ ತಿರುಗಿಸಿ ಓಟದ ಚುರುಕು ತಂದದ್ದೂ ಉಂಟು. ಅದನ್ನು ಬಿಟ್ಟರೆ ಉಳಿದ ದಡಬಡ ಆಮೇಲೆ ಸೇರಿಕೊಂಡದ್ದು.

ಹಾಗಾಗಿ ಯಾವ ಚಿತ್ರ ಎನ್ನುವುದಕ್ಕಿಂತ ಯಾವ ಪ್ರತಿ ಎನ್ನುವುದು ಮುಖ್ಯ. 1920ರ ದಶಕದ ಬಹಳಷ್ಟು ಚಿತ್ರಗಳ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಮುಗಿದಿರುವುದರಿಂದ ಮಸುಕಾದ, ವೇಗ ತಪ್ಪಿದ ಪ್ರತಿಗಳು ಯೂಟ್ಯೂಬ್ ತುಂಬ ಇವೆ. ರಿಪೇರಿ ಮಾಡಿ, ಸರಿಯಾದ ವೇಗದಲ್ಲಿ, ಸಂಗೀತ ಸೇರಿಸಿ ಬಿಟ್ಟ ಪ್ರತಿಯನ್ನೇ ಹುಡುಕಿ. ಶುರುವಿಗೆ ಕೀಟನ್‌ನ ‘ಶೆರ್ಲಾಕ್ ಜೂನಿಯರ್’ ಆಗಬಹುದು. 1924ರದ್ದು, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಅದರಲ್ಲಿ ರೈಲಿನ ಮೇಲಿಂದ ನೀರಿನ ಟ್ಯಾಂಕಿನ ಕೊಳವೆಗೆ ನೇತುಬಿದ್ದಾಗ, ರಭಸದ ನೀರು ಅವನನ್ನು ಹಳಿಗೆ ಅಪ್ಪಳಿಸುತ್ತದೆ. ಅವನು ಎದ್ದು ಓಡುತ್ತಾನೆ. ಆ ಏಟಿಗೆ ಕುತ್ತಿಗೆಯ ಮೂಳೆ ಮುರಿದಿತ್ತು ಎಂಬುದು ಗೊತ್ತಾದದ್ದು ವರ್ಷಗಳ ನಂತರ, ಎಕ್ಸ್‌ರೇ ತೆಗೆಸಿದಾಗ. ಆ ಶಾಟ್ ಈಗಲೂ ಚಿತ್ರದಲ್ಲಿದೆ.