ಓದುಗರ ಪ್ರಶ್ನೆ: ಬಸವನಹುಳುವಿನ ಉಸಿರಿಗೆ ಮೂರೇ ನರಕೋಶ ಸಾಕೇ?

ಪ್ರಶ್ನೆ: ಕೊಳದ ಬಸವನಹುಳು ಆಗಾಗ ನೀರಿನ ಮೇಲಕ್ಕೆ ಬಂದು ಮೈಪಕ್ಕದ ತೂತೊಂದನ್ನು ತೆರೆದು ಮುಚ್ಚುತ್ತದೆ. ಇದನ್ನು ನಡೆಸುವುದು ಮೂರೇ ನರಕೋಶಗಳು ಎಂದು ಓದಿದೆ. ನಿಜವೇ? ಗೊತ್ತಾದದ್ದು ಹೇಗೆ?

ಉತ್ತರ: ನಿಜ, ಒಂದು ತಿದ್ದುಪಡಿಯೊಂದಿಗೆ. ಸ್ನಾಯುಗಳನ್ನು ಎಳೆಯುವ ನರಕೋಶಗಳು ಬೇರೆಯೇ ಇವೆ. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ತಾಳ ಹಾಕುವುದಷ್ಟೇ ಈ ಮೂರರ ಕೆಲಸ. ನೀವು ಓದಿದ್ದು ಲಿಮ್ನಿಯ ಸ್ಟ್ಯಾಗ್ನಾಲಿಸ್ ಎಂಬ ಹುಳುವಿನ ಬಗ್ಗೆ ಇರಬೇಕು. ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೆ ಅದಕ್ಕೆ ಚರ್ಮದ ಉಸಿರಾಟವೇ ಸಾಕು. ಕಡಿಮೆಯಾದಾಗ ಮೇಲೆ ಬಂದು, ಬಲಮಗ್ಗುಲಿನ ಉಸಿರುರಂಧ್ರ ತೆರೆದು ಶ್ವಾಸಕೋಶಕ್ಕೆ ಗಾಳಿ ತುಂಬಿಕೊಳ್ಳುತ್ತದೆ.

ಮೂರೂ ಕೋಶಗಳಿಗೆ ಹೆಸರಿದೆ: ಆರ್‌ಪಿಇಡಿ1, ಐಪಿ3ಐ, ವಿಡಿ4. ಆಮ್ಲಜನಕ ಕುಸಿದ ಸುದ್ದಿ ರಂಧ್ರದ ಬಳಿಯ ಸಂವೇದಿ ಕೋಶಗಳಿಂದ ಆರ್‌ಪಿಇಡಿ1ಗೆ ಮುಟ್ಟುತ್ತದೆ. ಅದು ಡೋಪಮೈನ್ ಎಂಬ ನರಸಂದೇಶದ ರಾಸಾಯನಿಕ ಸುರಿಸಿ ಐಪಿ3ಐಯನ್ನು ಮೊದಲು ಕ್ಷಣಕಾಲ ತಗ್ಗಿಸಿ, ಆಮೇಲೆ ಕೆರಳಿಸುತ್ತದೆ. ಐಪಿ3ಐ ಮಿಡಿದಾಗ ರಂಧ್ರ ತೆರೆಯುತ್ತದೆ, ವಿಡಿ4 ಸುಮ್ಮನಾಗುತ್ತದೆ. ಐಪಿ3ಐಯ ಮಿಡಿತ ನಿಂತದ್ದೇ ತಡ, ಅದುಮಿಟ್ಟಿದ್ದ ವಿಡಿ4 ಪುಟಿದೆದ್ದು ರಂಧ್ರ ಮುಚ್ಚಿಸುತ್ತದೆ, ಉಳಿದೆರಡನ್ನೂ ತಡೆಯುತ್ತದೆ. ತಾಳ ಹುಟ್ಟುವುದು ಈ ಕೊಡುಕೊಳ್ಳುವಿಕೆಯಲ್ಲಿ.

ಸೊಗಸಾದ ಪುರಾವೆ ಸಿಕ್ಕಿದ್ದು 1990ರಲ್ಲಿ. ಕೆನಡಾದ ಕ್ಯಾಲ್ಗರಿಯಲ್ಲಿ ಸೈಯದ್, ಬುಲಾಕ್, ಲುಕೋವಿಯಾಕ್ ಎಂಬ ವಿಜ್ಞಾನಿಗಳು ಈ ಮೂರು ಕೋಶಗಳನ್ನು ಹೊರತೆಗೆದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದರು. ಕೋಶಗಳು ಎಳೆ ಚಾಚಿ, ಮೈಯೊಳಗಿದ್ದ ಸಂಪರ್ಕಗಳನ್ನೇ ಮತ್ತೆ ಕಟ್ಟಿಕೊಂಡವು. ಆರ್‌ಪಿಇಡಿ1ನ್ನು ಕೆರಳಿಸಿದರೆ ತಟ್ಟೆಯಲ್ಲೇ ಉಸಿರಾಟದ ತಾಳ ಶುರು! 1992ರಲ್ಲಿ, ವಿಡಿ4 ಕಳೆದುಕೊಂಡ ಹುಳುವಿಗೆ ಬೇರೆ ಹುಳುವಿನ ವಿಡಿ4 ಕಸಿ ಮಾಡಿದಾಗಲೂ ತಾಳ ಮರಳಿತು.

ಪ್ರಶ್ನೆ: ಈ ಹುಳುವಿಗೆ ಉಸಿರುರಂಧ್ರ ಮುಚ್ಚಿಟ್ಟುಕೊಳ್ಳಲು ಕಲಿಸಬಹುದಂತೆ. ಹೇಗೆ?

ಉತ್ತರ: ಒಂದು ಲೀಟರ್ ಬೀಕರಿನಲ್ಲಿ ಅರ್ಧ ಲೀಟರ್ ಕೊಳದ ನೀರು ಹಾಕಿ, ಆಮ್ಲಜನಕ ಇಳಿಸಲು 20 ನಿಮಿಷ ನೈಟ್ರೋಜನ್ ಗುಳ್ಳೆ ಹಾಯಿಸುತ್ತಾರೆ. ಹುಳು ಬಿಟ್ಟು, ಹೊಂದಿಕೊಳ್ಳಲು 10 ನಿಮಿಷ. ಮುಂದಿನ ಅರ್ಧ ಗಂಟೆ, ರಂಧ್ರ ತೆರೆಯತೊಡಗಿದಾಗಲೆಲ್ಲ ಚೂಪು ಮಾಡಿದ ಮರದ ಕಡ್ಡಿಯಿಂದ ಅಲ್ಲಿ ಮೆಲ್ಲಗೆ ಮುಟ್ಟುತ್ತಾರೆ. ಬರಬರುತ್ತ ಹುಳು ರಂಧ್ರ ತೆರೆಯುವುದನ್ನೇ ಕಡಿಮೆ ಮಾಡುತ್ತದೆ; ಕಲಿಕೆಯೆಂದರೆ ಇದೇ.

ಕೈ ಹದ ತಪ್ಪುವುದು ಇಲ್ಲಿಯೇ. ರಂಧ್ರ ಮುಚ್ಚಬೇಕು, ಹುಳು ಚಿಪ್ಪು ಸೇರಬಾರದು. ಜೋರಾಗಿ ಚುಚ್ಚಿದರೆ ಇಡೀ ಮೈ ಒಳಗೆಳೆದುಕೊಳ್ಳುತ್ತದೆ. ಅದು ಬೇರೆಯೇ ಪ್ರತಿಕ್ರಿಯೆ, ಲೆಕ್ಕಕ್ಕೆ ಬಾರದು. ಹೋಲಿಕೆಗೆ ಇನ್ನೊಂದು ಹುಳು ಬೇಕೇಬೇಕು: ಅದನ್ನೂ ಅಷ್ಟೇ ಸಲ ಮುಟ್ಟಬೇಕು, ಆದರೆ ರಂಧ್ರ ತೆರೆದಿದೆಯೇ ಎಂದು ನೋಡದೆ. ಅದು ಕಲಿಯುವುದಿಲ್ಲ. ಇದಿಲ್ಲದಿದ್ದರೆ ಮೊದಲನೆಯದು ಕಲಿತಿತೋ ಬಳಲಿತೋ ಹೇಳಲಾಗದು.

ಒಂದು ಪಾಠದ ನೆನಪು ಕೆಲವೇ ಗಂಟೆ. ಗಂಟೆಯ ಬಿಡುವಿಟ್ಟು ಎರಡು ಪಾಠ ಕೊಟ್ಟರೆ ಮರುದಿನವೂ ಉಳಿಯುತ್ತದೆ. 2002ರ ಪ್ರಯೋಗವೊಂದರಲ್ಲಿ ಆರ್‌ಪಿಇಡಿ1ರ ಕೋಶಕಾಯವನ್ನಷ್ಟೇ (ವಂಶವಾಹಿಗಳಿರುವ ಮುಖ್ಯ ಭಾಗ) ನಾಶಮಾಡಿ, ಅದರಿಂದ ಚಾಚಿದ ಎಳೆಯನ್ನು ಹಾಗೇ ಉಳಿಸಿದರು. ಹುಳು ಎಂದಿನಂತೆ ಉಸಿರಾಡಿತು, ಪಾಠವನ್ನೂ ಕಲಿಯಿತು. ಮರುದಿನಕ್ಕೆ ಮಾತ್ರ ನೆನಪಿರಲಿಲ್ಲ: ನೆನಪನ್ನು ಗಟ್ಟಿಮಾಡಲು ಬೇಕಾದ ವಂಶವಾಹಿಗಳು ಆ ಕೋಶಕಾಯದೊಳಗಿದ್ದವು.