ಕೊನೆಯ 20 ನಿಮಿಷದಲ್ಲಿ ನಮ್ಮ ಕಾಲೇಜು ಫುಟ್‌ಬಾಲ್ ತಂಡ ಯಾಕೆ ಕುಸಿಯುತ್ತದೆ?

ಚಿಕ್ಕಮಗಳೂರಿನ ಕಾಲೇಜು ತಂಡದ ಕ್ಯಾಪ್ಟನ್ ಆಗಿ ನೀವು ಕೇಳಿರುವುದು ಇಷ್ಟು: ಮೊದಲಾರ್ಧ ಸರಿಸಮ ಆಡುತ್ತೀರಿ, 70ನೇ ನಿಮಿಷ ದಾಟಿದ ಮೇಲೆ ಗೋಲು ಬಿಟ್ಟುಕೊಡುತ್ತೀರಿ, ದಿನಾ ಬೆಳಿಗ್ಗೆ 5 ಕಿ.ಮೀ. ಓಡಿದರೂ ಇದು ತಪ್ಪುತ್ತಿಲ್ಲ. ಕಾಲೇಜು ತಂಡಗಳಿಗೆ ತರಬೇತಿ ಕೊಡುವವನಾಗಿ ಹೇಳುತ್ತೇನೆ, ದಮ್ಮು ಸಾಲದೆ ಸೋಲುವ ತಂಡಗಳಿಗಿಂತ ಉದ್ದಕ್ಕೆ ಹಿಗ್ಗಿಹೋಗಿ ಸೋಲುವ ತಂಡಗಳೇ ಹೆಚ್ಚು.

ಸುಸ್ತಾದ ಸ್ಟಾಪರ್‌ಗಳಿಗೆ, ಅಂದರೆ ಗೋಲಿನ ಮುಂದೆ ನಡುವಿನಲ್ಲಿ ನಿಲ್ಲುವ ರಕ್ಷಣಾ ಆಟಗಾರರಿಗೆ, ಚೆಂಡು ಬೆನ್ನ ಹಿಂದೆ ಬಿದ್ದರೆ ಓಡಲಾಗದೆಂಬ ಭಯ. ಅದಕ್ಕೇ ಹತ್ತು ಮೀಟರ್ ಹಿಂದೆ ನಿಲ್ಲುತ್ತಾರೆ. ಫಾರ್ವರ್ಡ್‌ಗಳು ಮೇಲೆಯೇ, ಅಂದರೆ ಎದುರಾಳಿಯ ಗೋಲಿನ ಕಡೆಯೇ ಉಳಿಯುತ್ತಾರೆ. ಮುಂದಿನವನಿಂದ ಹಿಂದಿನವನವರೆಗೆ 35 ಮೀಟರ್ ಇದ್ದ ತಂಡ 55 ಮೀಟರ್ ಆಗುತ್ತದೆ. ನಡುವಿನ ಮೂವರು ಹಾಫ್‌ಗಳು (ಮಿಡ್‌ಫೀಲ್ಡರ್‌ಗಳು) ಅಷ್ಟು ಜಾಗ ಕಾಯಲಾರರು. ನಿಮ್ಮವರು ಹೆಡ್ ಮಾಡಿ ತೆಗೆದ ಚೆಂಡು ಬೀಳುವಲ್ಲಿ ಎದುರಾಳಿಯೇ ನಿಂತಿರುತ್ತಾನೆ, ಮತ್ತೆ ದಾಳಿ ಶುರು. ಗ್ಯಾಲರಿಯಿಂದ ಯಾರಾದರೂ ಮೊಬೈಲ್‌ನಲ್ಲಿ ಪೂರ್ತಿ ಮ್ಯಾಚ್ ಚಿತ್ರೀಕರಿಸಲಿ. 10, 40, 75ನೇ ನಿಮಿಷದಲ್ಲಿ ವಿಡಿಯೋ ನಿಲ್ಲಿಸಿ ನೋಡಿ. ಗೋಲ್ ಗೆರೆಯಿಂದ ಪೆನಾಲ್ಟಿ ಏರಿಯಾದ ಮುಂಗೆರೆಗೆ 16.5 ಮೀಟರ್. ತಂಡದ ಉದ್ದ ಅದರ ಎರಡು ಪಟ್ಟು ಇದ್ದರೆ ಸರಿ, ಮೂರು ಪಟ್ಟು ದಾಟಿದ್ದರೆ ರೋಗ ಸಿಕ್ಕಿತು.

ಒಂದೇ ವೇಗದ 5 ಕಿ.ಮೀ. ಓಟ ಇದಕ್ಕೆ ಮದ್ದಲ್ಲ. ಫುಟ್‌ಬಾಲ್‌ನಲ್ಲಿ ನಡಿಗೆ, ಜಾಗಿಂಗ್, ದಿಢೀರ್ ಓಟ, ತಿರುಗುವುದು ಎಲ್ಲ ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುತ್ತವೆ. ವಾರದಲ್ಲಿ ಎರಡು ದಿನ ಆ ಓಟ ಬಿಟ್ಟು ಹೀಗೆ ಮಾಡಿ: 40×30 ಮೀಟರ್ ಜಾಗಕ್ಕೆ ಕೋನ್ ಇಟ್ಟು, ನಡುಗೆರೆ ಗುರುತಿಸಿ, ಎರಡು ಕಡೆ ಆರಾರು ಜನ ಆಡಲಿ. 4 ನಿಮಿಷ ಆಟ, 2 ನಿಮಿಷ ವಿಶ್ರಾಂತಿ, ನಾಲ್ಕು ಸುತ್ತು. ಗೋಲು ಹೊಡೆದಾಗ ಗೋಲ್‌ಕೀಪರ್ ಬಿಟ್ಟು ಆ ತಂಡದ ಆಟಗಾರರೆಲ್ಲ ನಡುಗೆರೆ ದಾಟಿರಬೇಕು, ಇಲ್ಲದಿದ್ದರೆ ಗೋಲು ಲೆಕ್ಕಕ್ಕಿಲ್ಲ. ಗೋಲು ತಿಂದ ತಂಡದಲ್ಲಿ ಒಬ್ಬನಾದರೂ ತನ್ನ ಅರ್ಧಕ್ಕೆ ಮರಳಿಲ್ಲದಿದ್ದರೆ ಎರಡು ಗೋಲು. ಒತ್ತಾಗಿ ಮೇಲೇರುವುದು, ಒತ್ತಾಗಿ ಇಳಿಯುವುದು ಬಾಯಿಮಾತಿಗಿಂತ ಬೇಗ ಮೈಗೆ ಹತ್ತುತ್ತದೆ. ಇದು ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಇರುವುದೊಂದೇ ಚೆಂಡು, ಅದು ಹೊರಗೆ ಹೋದಾಗಲೆಲ್ಲ ಅರ್ಧ ನಿಮಿಷ ಹಾಳು. ಅಂಚಿನಲ್ಲಿ ಐದಾರು ಚೆಂಡು ಇಟ್ಟುಕೊಳ್ಳಿ, ಹಳೆಯವಾದರೂ ಆಗುತ್ತದೆ.

ಶನಿವಾರ ಮ್ಯಾಚ್ ಇದ್ದರೆ ಮಂಗಳವಾರ, ಗುರುವಾರ ಈ ಅಭ್ಯಾಸ. ಶುಕ್ರವಾರ ಅರ್ಧ ಗಂಟೆ ಕಾರ್ನರ್, ಫ್ರೀ ಕಿಕ್ ಸಾಕು. ಅಂದು ಬೆವರು ಸುರಿಸಿದ್ದಕ್ಕೆಲ್ಲ ಮರುದಿನ ಕಾಲುಗಳು ಬೆಲೆ ತೆರಬೇಕಾಗುತ್ತದೆ. ಪ್ರತಿ ದಿನವೂ ಆಟಕ್ಕೆ ಮುಂಚೆ 15-20 ನಿಮಿಷ ವಾರ್ಮ್ ಅಪ್ ಇರಲಿ. ಅದರಲ್ಲಿ ಹಿಂತೊಡೆಗೆ ಒಂದು ವ್ಯಾಯಾಮ ಸೇರಿಸಿ: ಮಂಡಿಯೂರಿ ನಿಂತವನ ಹಿಮ್ಮಡಿಯನ್ನು ಜೊತೆಗಾರ ಹಿಡಿಯಬೇಕು, ಅವನು ಬೆನ್ನು ನೇರವಿಟ್ಟು ನಿಧಾನವಾಗಿ ಮುಂದಕ್ಕೆ ಬಾಗಬೇಕು. ಹೊಸಬರಿಗೆ 3ರಿಂದ 5 ಸಲ ಸಾಕು. ಮೊದಲ ದಿನವೇ ಹದಿನೈದು ಸಲ ಮಾಡಿಸಿದರೆ ಎರಡು ದಿನ ಮೆಟ್ಟಿಲು ಇಳಿಯಲಾಗದಷ್ಟು ನೋವು ಬರುತ್ತದೆ, ಹುಡುಗರು ಆ ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ.

ನಮ್ಮ ಕಡೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಕೆಸರಿನಲ್ಲಿ ಪ್ರತಿ ಹೆಜ್ಜೆಗೂ ಶಕ್ತಿ ಜಾಸ್ತಿ ಖರ್ಚು. ಬೇಸಿಗೆಯ ಗಟ್ಟಿ ನೆಲಕ್ಕೆ ಸರಿಯಿರುವ ಗಿಡ್ಡ ರಬ್ಬರ್ ಸ್ಟಡ್‌ನ (ಅಡಿಯ ಗುಬ್ಬಿಯ) ಶೂ ಮಳೆಗಾಲದಲ್ಲಿ ಜಾರುತ್ತದೆ, ಸ್ವಲ್ಪ ಉದ್ದನೆಯ ಸ್ಟಡ್ ಬೇಕು. ವಿರಾಮದಲ್ಲಿ ಕಡ್ಡಿಯಿಂದ ಸ್ಟಡ್‌ಗಳ ನಡುವಿನ ಮಣ್ಣು ಕೆರೆದು ತೆಗೆಯಿರಿ, ಅದೇ ಎಷ್ಟೋ ಭಾರ. ನೀರು ನಿಂತಲ್ಲಿ ನೆಲದ ಪಾಸ್ ಅಲ್ಲೇ ಸಾಯುತ್ತದೆ, ಆದ್ದರಿಂದ ಮ್ಯಾಚ್‌ಗೆ ಮುಂಚೆ ಮೈದಾನ ಸುತ್ತಿ ಗುಂಡಿಗಳನ್ನು ಗುರುತಿಟ್ಟುಕೊಳ್ಳಿ. ಚೆಂಡಿನ ಗಾಳಿಯನ್ನೂ ಗೇಜ್ ಹಾಕಿ ನೋಡಿ. ನಿಯಮದ ಪ್ರಕಾರ 8.5ರಿಂದ 15.6 ಪಿ.ಎಸ್.ಐ. ಇರಬಹುದು. ಅಭ್ಯಾಸಕ್ಕೆ 9-10 ಸಾಕು, ಕಲ್ಲಿನ ಹಾಗೆ ತುಂಬಿದರೆ ಗಟ್ಟಿ ನೆಲದಲ್ಲಿ ಪುಟಿದು ಹಿಡಿತಕ್ಕೇ ಸಿಗುವುದಿಲ್ಲ.

ತಂಪು ಹವೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಬೆವರು ಹೋಗುತ್ತಲೇ ಇರುತ್ತದೆ. ಮ್ಯಾಚ್‌ಗೆ ಎರಡು ಗಂಟೆ ಮೊದಲು ಅರ್ಧ ಲೀಟರ್ ನೀರು ಕುಡಿಸಿ. ಊಟ ಮೂರು ಗಂಟೆ ಮೊದಲು: ಇಡ್ಲಿ ಅಥವಾ ಅನ್ನ ಸಾರು. ಪೂರಿ ಬೇಡ.

ಇನ್ನು ಆಟಗಾರರ ವಿಷಯ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಸುಸ್ತಾದಾಗಲೂ ಚೆಂಡು ಬರುವ ಮೊದಲೇ ಭುಜದ ಮೇಲಿಂದ ಹಿಂದೆ ನೋಡಿಕೊಳ್ಳುವ ಹುಡುಗ ಇರುತ್ತಾನೆ. ಅವನು ಸಾಮಾನ್ಯವಾಗಿ ಮಾತು ಕಡಿಮೆ, ಯಾರ ಕಣ್ಣಿಗೂ ಬೀಳುವುದಿಲ್ಲ. ನಡು ಹಾಫ್ ಸ್ಥಾನ ಅವನಿಗೆ ಕೊಡಿ. ಜೋರಾಗಿ ಕೂಗುವವನನ್ನು ಗೋಲ್‌ಕೀಪರ್ ಅಥವಾ ಸ್ಟಾಪರ್ ಮಾಡಿ, ಯಾಕೆಂದರೆ ಚೆಂಡು ನಡುಗೆರೆ ದಾಟಿದ ಕೂಡಲೇ ‘ಮೇಲೆ ಬನ್ನಿ’ ಎಂದು ಕೂಗುವವನು ಹಿಂದೆ ಇರಬೇಕು. ಬದಲಿ ಆಟಗಾರನನ್ನು 80ನೇ ನಿಮಿಷದವರೆಗೆ ಕಾಯಿಸಬೇಡಿ. 60ರ ಸುಮಾರಿಗೆ ಒಬ್ಬ ಹೊಸ ಹಾಫ್ ಇಳಿಯಲಿ. ಫಾರ್ವರ್ಡ್ ಬದಲಾಯಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ನಿಮ್ಮ ತಂಡ ಹರಿದುಹೋಗುತ್ತಿರುವುದು ನಡುವಿನಲ್ಲಿ.